ಕುರ್ಚಿ ಕೊಟ್ಟವರು ವಾಪಸ್ ಕೇಳಬಹುದಾ?

ಪ್ರಶ್ನೆ: ನಮ್ಮದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ಹೋದ ವರ್ಷ ಊರಿನ ಹಾಲಿನ ಡೈರಿಗೆ ನಿರ್ದೇಶಕನಾಗಿ ಗೆದ್ದೆ. ಮೈಸೂರಿನಲ್ಲಿ ಓದುವಾಗ ಹಾಸ್ಟೆಲ್ಲಿನಲ್ಲಿ ಜೊತೆಗಿದ್ದ ಗೆಳೆಯನೊಬ್ಬ ‘ನಾನು ಕ್ರೈಸ್ತ ಸಮಾಜವಾದಿ’ ಅನ್ನುತ್ತಿದ್ದ. ನಾವು ನಗುತ್ತಿದ್ದೆವು. ಧರ್ಮ ಅಫೀಮು ಅಂದವರು ಸಮಾಜವಾದಿಗಳೇ ಅಲ್ವಾ? ಇವೆರಡೂ ಒಂದೇ ತಲೆಯಲ್ಲಿ ಹೇಗೆ ಇರುತ್ತವೆ? ನಾಯಕ ಹೇಗಿರಬೇಕು, ಅಧಿಕಾರ ಯಾರ ಕೈಯಲ್ಲಿರಬೇಕು, ನ್ಯಾಯದ ಸಮಾಜ ಅಂದರೆ ಏನು ಅನ್ನೋದಕ್ಕೆ ಇವರ ಹತ್ತಿರ ಬೇರೆಯವರಲ್ಲಿಲ್ಲದ ಉತ್ತರ ಏನಾದರೂ ಇದೆಯಾ? ನಾನು ಕ್ರೈಸ್ತನಲ್ಲ. ಮುಂದೆ ಅಧ್ಯಕ್ಷ ಸ್ಥಾನಕ್ಕೆ ನಿಲ್ಲು ಅಂತ ಊರಿನವರು ಹೇಳುತ್ತಿದ್ದಾರೆ. ಅದಕ್ಕೇ ಕೇಳುತ್ತಿದ್ದೇನೆ.

ಉತ್ತರ: ಅಫೀಮಿನಿಂದಲೇ ಶುರು ಮಾಡೋಣ. ಆ ಮಾತು ಮಾರ್ಕ್ಸ್ ಅವರದು, 1844ರದು. ಅದರ ಪಕ್ಕದಲ್ಲೇ ಅವರು ಇನ್ನೊಂದು ಮಾತು ಬರೆದಿದ್ದಾರೆ. ಅದನ್ನು ಯಾರೂ ನೆನಪಿಟ್ಟುಕೊಳ್ಳೋದಿಲ್ಲ. ಧರ್ಮ ಅಂದರೆ ತುಳಿತಕ್ಕೆ ಸಿಕ್ಕಿದ ಜೀವದ ನಿಟ್ಟುಸಿರು ಅಂತ. ನೋವಿದ್ದವನೇ ತಾನೇ ಅಫೀಮು ಹುಡುಕೋದು. ಹಾಗಂತ ಮಾರ್ಕ್ಸ್ ನಿಮ್ಮ ಗೆಳೆಯನ ಕಡೆಯವರು ಅಂದುಕೊಳ್ಳಬೇಡಿ. 1848ರಲ್ಲಿ ಅವರೂ ಎಂಗೆಲ್ಸ್ ಅವರೂ ಹೊರತಂದ ಕಮ್ಯುನಿಸ್ಟ್ ಪ್ರಣಾಳಿಕೆಯಲ್ಲಿ ಕ್ರೈಸ್ತ ಸಮಾಜವಾದವನ್ನು ಹೆಸರು ಹಿಡಿದೇ ಗೇಲಿ ಮಾಡಿದ್ದಾರೆ. ಸಿರಿವಂತರ ಎದೆಯುರಿಗೆ ಪಾದ್ರಿ ಚಿಮುಕಿಸುವ ತೀರ್ಥ ಅದು ಅಂದರು. ಆ ಕಡೆ ಚರ್ಚೂ ಬಿಡಲಿಲ್ಲ. ಒಬ್ಬನೇ ಮನುಷ್ಯ ಒಳ್ಳೆಯ ಕ್ಯಾಥೊಲಿಕನೂ ನಿಜವಾದ ಸಮಾಜವಾದಿಯೂ ಆಗಲಾರ ಅಂತ 1931ರಲ್ಲಿ ಪೋಪ್ 11ನೇ ಪಯಸ್ ಬರೆದರು.

ಅಂದರೆ ನಿಮ್ಮ ಗೆಳೆಯ ಎರಡು ಮನೆಗೂ ಹೊರಗಿನವನು. ನಮ್ಮ ದೇಶದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಕೇರಳದ ಎಂ.ಎಂ. ಥಾಮಸ್. ಯುವಕರಾಗಿದ್ದಾಗ ಪಾದ್ರಿಯಾಗಬೇಕು ಅಂತ ಚರ್ಚನ್ನು ಕೇಳಿದರು. ಕಮ್ಯುನಿಸ್ಟ್ ಪಕ್ಷಕ್ಕೆ ಸೇರಿಸಿಕೊಳ್ಳಿ ಅಂತಲೂ ಕೇಳಿದರು. ಕಮ್ಯುನಿಸಂ ಜಾಸ್ತಿ ಅಂತ ಚರ್ಚಿನವರು ಬೇಡ ಅಂದರು. ದೇವರು ಜಾಸ್ತಿ ಅಂತ ಪಕ್ಷದವರೂ ಬೇಡ ಅಂದರು. ಮುಂದೆ ಅವರು ಬೆಂಗಳೂರಿನಲ್ಲಿ ಧರ್ಮ ಮತ್ತು ಸಮಾಜದ ಅಧ್ಯಯನ ಸಂಸ್ಥೆಯೊಂದನ್ನು ನಡೆಸಿದರು. ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಬರೆದರು. 1990ರಲ್ಲಿ ನಾಗಾಲ್ಯಾಂಡಿನ ರಾಜ್ಯಪಾಲರೂ ಆದರು.

ಇಂಗ್ಲೆಂಡಿನಲ್ಲಿ ಕ್ರೈಸ್ತ ಸಮಾಜವಾದ ಹುಟ್ಟಿದ ಕಥೆ ಬೇಗ ಹೇಳಿಬಿಡುತ್ತೇನೆ. 1848ರ ಏಪ್ರಿಲ್ 10. ದುಡಿಯೋರಿಗೂ ಮತದಾನದ ಹಕ್ಕು ಕೊಡಿ ಅಂತ ಲಂಡನ್ನಿನಲ್ಲಿ ದೊಡ್ಡ ಸಭೆ ನಡೆಯಿತು. ಸರ್ಕಾರ ಜಗ್ಗಲಿಲ್ಲ, ಚಳವಳಿ ಸೋತಿತು. ಆ ಸೋಲನ್ನು ಕಂಡು ಮೂವರು ಒಟ್ಟಿಗೆ ಕೂತರು. ಮಾರಿಸ್ ದೇವರ ವಿಚಾರ ಕಲಿಸುವ ಮೇಷ್ಟ್ರು. ಕಿಂಗ್ಸ್‌ಲಿ ಹಳ್ಳಿ ಪಾದ್ರಿ. ಲಡ್ಲೋ ವಕೀಲರು. ಈ ಲಡ್ಲೋ ಹುಟ್ಟಿದ್ದು ನಮ್ಮ ದೇಶದ ನೀಮಚ್‌ನಲ್ಲಿ, ಓದಿದ್ದು ಪ್ಯಾರಿಸ್‌ನಲ್ಲಿ. ಮೂವರಲ್ಲಿ ನನಗೆ ಇಷ್ಟವಾದವರು ಇವರೇ. ಮಾರಿಸ್ ದೊಡ್ಡ ಮನಸ್ಸಿನವರು ನಿಜ, ಆದರೆ ಜನರೇ ಆಳಬೇಕು ಅನ್ನೋ ಮಾತಿಗೆ ಬೆಚ್ಚುತ್ತಿದ್ದರು. ಲಡ್ಲೋಗೆ ಆ ಭಯ ಇರಲಿಲ್ಲ.

1850ರಲ್ಲಿ ಇವರು ದರ್ಜಿಗಳನ್ನು ಸೇರಿಸಿ ಸಹಕಾರಿ ಹೊಲಿಗೆ ಅಂಗಡಿ ಹಾಕಿಸಿದರು. ಅಂಥವು ಇನ್ನೂ ಕೆಲವು ಆದವು. ಜಗಳ, ಕೆಟ್ಟ ನಿರ್ವಹಣೆ, ಬಂಡವಾಳದ ಕೊರತೆ. ಕೆಲವೇ ವರ್ಷಗಳಲ್ಲಿ ಹೆಚ್ಚಿನವು ಮುಚ್ಚಿದವು. ಉಳಿದದ್ದು ಎರಡು. ಒಂದು, 1852ರ ಕಾನೂನು. ಬ್ರಿಟನ್ನಿನಲ್ಲಿ ಸಹಕಾರ ಸಂಘಗಳಿಗೆ ಮೊದಲ ಸಲ ಕಾನೂನಿನ ನೆಲೆ ಸಿಕ್ಕಿದ್ದು ಅದರಿಂದ, ಅದರ ಹಿಂದೆ ಲಡ್ಲೋ ದುಡಿಮೆ ಇತ್ತು. ಇನ್ನೊಂದು, 1854ರಲ್ಲಿ ದುಡಿಯೋರಿಗಾಗಿ ತೆರೆದ ಒಂದು ಕಾಲೇಜು. ಈ ಕಾಲೇಜನ್ನು ನೆನಪಿಟ್ಟುಕೊಳ್ಳಿ, ನಿಮ್ಮ ತಾಲ್ಲೂಕಿಗೆ ಇಲ್ಲಿಂದ ಒಂದು ದಾರಿ ಬರುತ್ತದೆ.

ಈಗ ನಾಯಕತ್ವಕ್ಕೆ ಬರೋಣ. ಈಸ್ಟರ್‌ಗೆ ಮುಂಚಿನ ಗುರುವಾರ ಮೈಸೂರಿನ ಯಾವುದಾದರೂ ಕ್ಯಾಥೊಲಿಕ್ ಚರ್ಚಿಗೆ ಹೋಗಿ ನೋಡಿ. ಪಾದ್ರಿ ಮಂಡಿಯೂರಿ ಹನ್ನೆರಡು ಜನರ ಕಾಲು ತೊಳೆದು ಟವೆಲ್ಲಿನಲ್ಲಿ ಒರೆಸುತ್ತಾರೆ. ಯೇಸು ಸಾಯುವ ಹಿಂದಿನ ರಾತ್ರಿ ಶಿಷ್ಯರಿಗೆ ಮಾಡಿದ್ದು ಇದನ್ನೇ. ನಮ್ಮಲ್ಲಿ ಯಾರು ಯಾರ ಕಾಲು ತೊಳೆಯುತ್ತಾರೆ ಯೋಚನೆ ಮಾಡಿ. ಧಾರೆಯ ಹೊತ್ತಿಗೆ ಹೆಣ್ಣಿನ ಅಪ್ಪ ಅಳಿಯನ ಕಾಲು ತೊಳೆಯುತ್ತಾನೆ. ಸ್ವಾಮಿಗಳು ಮನೆಗೆ ಬಂದರೆ ಪಾದಪೂಜೆ. ಕೆಳಗೆ ನಿಂತವರು ಮೇಲೆ ಕೂತವರ ಕಾಲು ತೊಳೆಯೋದು ರೂಢಿ. ಯೇಸು ಅದನ್ನು ಉಲ್ಟಾ ಮಾಡಿದರು. ಪೇತ್ರ ಅನ್ನೋ ಶಿಷ್ಯ ‘ಬೇಡವೇ ಬೇಡ’ ಅಂತ ಕಾಲು ಹಿಂದಕ್ಕೆಳೆದುಕೊಂಡ. ಆಳಿಸಿಕೊಂಡು ಅಭ್ಯಾಸವಾದವನಿಗೆ ಈ ಉಲ್ಟಾ ಲೆಕ್ಕ ಮುಜುಗರ ತರುತ್ತದೆ.

ಆದರೆ ಈ ಕಥೆಯನ್ನು ಬರೀ ವಿನಯದ ಪಾಠ ಮಾಡಿಬಿಡುತ್ತಾರೆ. ಅದು ನನಗೆ ಸರಿ ಕಾಣೋದಿಲ್ಲ. ವಿನಯ ನಮ್ಮಲ್ಲಿ ಏನು ಕಡಿಮೆ ಇದೆಯಾ? ಪ್ರತಿ ಫ್ಲೆಕ್ಸಿನಲ್ಲೂ ಕೈ ಮುಗಿದವರೇ. ‘ನಾನು ನಿಮ್ಮ ಮನೆ ಮಗ, ನಿಮ್ಮ ಸೇವಕ’ ಅಂದವರೇ. ಗುರುವಾರ ಕಾಲು ತೊಳೆದ ಪಾದ್ರಿ ಶುಕ್ರವಾರ ಮತ್ತೆ ಅದೇ ದೊಡ್ಡ ಕುರ್ಚಿಯಲ್ಲಿ ಕೂರಬಹುದು. ಯೇಸು ಇನ್ನೊಂದು ಕಡೆ ನೇರವಾಗಿಯೇ ಹೇಳಿದ್ದಾರೆ. ದೊರೆಗಳು ಜನರ ಮೇಲೆ ದರ್ಪ ನಡೆಸುತ್ತಾರೆ, ನಿಮ್ಮಲ್ಲಿ ಹಾಗಿರಕೂಡದು, ದೊಡ್ಡವನಾಗಬೇಕು ಅನ್ನೋನು ಆಳಾಗಬೇಕು ಅಂತ. ಇಲ್ಲಿ ಮಾತಾಡುತ್ತಿರೋದು ಸ್ವಭಾವದ ವಿಷಯ ಅಲ್ಲ, ಏರ್ಪಾಡಿನ ವಿಷಯ. ಕ್ರೈಸ್ತ ಸಮಾಜವಾದಿಗಳು ಹಿಡಿದುಕೊಂಡಿದ್ದು ಈ ಎಳೆಯನ್ನು.

ಬೇರೆಯವರಲ್ಲಿಲ್ಲದ ಉತ್ತರ ಏನು ಅಂತ ಕೇಳಿದ್ದೀರಲ್ಲ, ನನ್ನ ಪ್ರಕಾರ ಅದು ಇಲ್ಲೇ ಇದೆ. ಒಡೆತನ ಬದಲಾದರೆ ಮನುಷ್ಯನೂ ಬದಲಾಗುತ್ತಾನೆ ಅಂತ ಬಹಳ ಸಮಾಜವಾದಿಗಳು ನಂಬಿದ್ದರು. ಕ್ರೈಸ್ತ ಸಮಾಜವಾದಿಗೆ ಅಷ್ಟು ಧೈರ್ಯ ಇಲ್ಲ. ಪಾಪ ಅನ್ನೋದು ಎಲ್ಲರಲ್ಲೂ ಇದೆ ಅಂತ ಅವನ ಧರ್ಮ ಹೇಳುತ್ತದೆ. ಜಮೀನ್ದಾರನಲ್ಲೂ ಇದೆ, ಅವನನ್ನು ಇಳಿಸಿ ಕುರ್ಚಿ ಏರಿದ ಹೋರಾಟಗಾರನಲ್ಲೂ ಇದೆ. ಅಮೆರಿಕದ ನೀಬೂರ್ ಒಂದು ಕಾಲಕ್ಕೆ ಅಲ್ಲಿನ ಸಮಾಜವಾದಿ ಪಕ್ಷದಲ್ಲಿದ್ದ ಪಾದ್ರಿ. 1944ರಲ್ಲಿ ಅವರು ಹೇಳಿದ್ದು ಹೀಗೆ: ಮನುಷ್ಯನಿಗೆ ನ್ಯಾಯವಾಗಿ ನಡೆಯೋ ಶಕ್ತಿ ಇರೋದರಿಂದ ಪ್ರಜಾಪ್ರಭುತ್ವ ಸಾಧ್ಯ, ಅನ್ಯಾಯದ ಕಡೆ ವಾಲೋ ಗುಣ ಇರೋದರಿಂದ ಅದು ಬೇಕೇ ಬೇಕು. ಒಳ್ಳೆಯವರನ್ನು ಹುಡುಕಿ ಕೂರಿಸೋದಕ್ಕಿಂತ, ಕೂತವರನ್ನು ಇಳಿಸೋ ಮೆಟ್ಟಿಲು ಗಟ್ಟಿಯಾಗಿರಲಿ ಅನ್ನೋದು ಇದರ ಅರ್ಥ.

ಇದು ಬೈಬಲಿನ ಹಳೇ ಒಡಂಬಡಿಕೆಯಷ್ಟೇ ಹಳೆಯದು. ‘ನಮಗೂ ಬೇರೆಯವರ ಹಾಗೆ ಒಬ್ಬ ರಾಜ ಬೇಕು’ ಅಂತ ಜನ ಹಠ ಹಿಡಿದಾಗ ಸಮುವೇಲ ಅನ್ನೋ ಪ್ರವಾದಿ ಪಟ್ಟಿ ಓದುತ್ತಾನೆ. ನಿಮ್ಮ ಗಂಡುಮಕ್ಕಳನ್ನು ರಥದ ಮುಂದೆ ಓಡಿಸುತ್ತಾನೆ. ಹೆಣ್ಣುಮಕ್ಕಳನ್ನು ಅಡುಗೆಗೆ ಹಚ್ಚುತ್ತಾನೆ. ಒಳ್ಳೇ ಹೊಲ, ಒಳ್ಳೇ ತೋಟ ಕಿತ್ತು ತನ್ನವರಿಗೆ ಕೊಡುತ್ತಾನೆ. ಬೆಳೆಯಲ್ಲಿ ಹತ್ತನೇ ಒಂದು ಪಾಲು ತೆಗೆದುಕೊಳ್ಳುತ್ತಾನೆ. ಆಮೇಲೆ ಅತ್ತರೆ ದೇವರು ಕೇಳೋದಿಲ್ಲ. ಜನ ಕೇಳಿಸಿಕೊಂಡು, ‘ಆದರೂ ರಾಜ ಬೇಕು’ ಅಂದರು. ಚುನಾವಣೆ ಹತ್ತಿರ ಬಂದಾಗಲೆಲ್ಲ ನನಗೆ ಈ ಅಧ್ಯಾಯ ನೆನಪಾಗುತ್ತದೆ.

ಬ್ರಿಟನ್ನಿನ ಟೋನಿ ಬೆನ್ ಇಂಥದ್ದೇ ಅನುಮಾನವನ್ನು ಐದು ಪ್ರಶ್ನೆ ಮಾಡಿದರು. ಬೆನ್ ಲೇಬರ್ ಪಕ್ಷದವರು, ಬೈಬಲ್ ಕೇಳಿ ಬೆಳೆದವರು. ಅಪ್ಪನಿಂದ ಬಂದ ಜಹಗೀರಿ ಪದವಿ ಬೇಡ ಅಂತ ವರ್ಷಗಟ್ಟಲೆ ಹೋರಾಡಿದರು. 1963ರಲ್ಲಿ ಅದಕ್ಕಾಗಿ ಕಾನೂನೇ ಬದಲಾಗಿ, ಪದವಿ ಬಿಟ್ಟುಕೊಟ್ಟರು. ಅಧಿಕಾರದಲ್ಲಿರೋ ಯಾರನ್ನೇ ಕಂಡರೂ ಕೇಳಿ ಅನ್ನುತ್ತಿದ್ದರು: ನಿನ್ನ ಕೈಯಲ್ಲಿ ಏನು ಅಧಿಕಾರ ಇದೆ? ಅದು ಎಲ್ಲಿಂದ ಬಂತು? ಯಾರ ಒಳ್ಳೇದಕ್ಕೆ ಬಳಸುತ್ತಿದ್ದೀಯ? ಯಾರಿಗೆ ಲೆಕ್ಕ ಕೊಡಬೇಕು? ನಿನ್ನನ್ನು ಇಳಿಸೋದು ಹೇಗೆ?

ಡೈರಿಗೆ ಇದನ್ನು ಹಾಕಿ ನೋಡಿ. ಮೊದಲ ಪ್ರಶ್ನೆಗೇ ಬಹಳ ನಿರ್ದೇಶಕರು ‘ಅಯ್ಯೋ, ನಮ್ಮದೇನಿದೆ, ಎಲ್ಲಾ ಸೆಕ್ರೆಟರಿದೇ’ ಅನ್ನುತ್ತಾರೆ. ಸುಳ್ಳು. ಫ್ಯಾಟ್ ನೋಡುವ ಕೆಲಸಕ್ಕೆ ಯಾರನ್ನು ಇಟ್ಟುಕೊಳ್ಳಬೇಕು, ಯಾರ ಹಾಲು ನೀರಾಗಿದೆ ಅಂತ ವಾಪಸ್ ಕಳಿಸಬೇಕು, ಬಟವಾಡೆ ಎಂದು ಮಾಡಬೇಕು, ಇವೆಲ್ಲ ಅಧಿಕಾರವೇ. ಅರ್ಧ ಲೀಟರ್ ಹಾಕುವ ವಿಧವೆಯ ವಾರದ ಸಂತೆ ಅದರ ಮೇಲೆ ನಿಂತಿರುತ್ತದೆ. ಅಧಿಕಾರ ಇಲ್ಲ ಅನ್ನೋನ ಹತ್ತಿರ ಲೆಕ್ಕ ಕೇಳೋಕೂ ಆಗೋದಿಲ್ಲ, ಅದೇ ಅವನಿಗೆ ಅನುಕೂಲ.

ನನ್ನದೇ ಒಂದು ಹೇಳುತ್ತೇನೆ. ಮೈಸೂರಿನಲ್ಲಿ ಒಂದು ಧರ್ಮದ ಹೆಸರಿನ ಸಂಸ್ಥೆಯ ಸಮಿತಿಯಲ್ಲಿ ಕೆಲವು ವರ್ಷ ಇದ್ದೆ. ಮುಖ್ಯಸ್ಥರು ಸಭ್ಯರು, ಬಡ ಮಕ್ಕಳ ಫೀಸು ಕೈಯಿಂದಲೇ ಕಟ್ಟಿದವರು. ಒಂದು ಸಭೆಯಲ್ಲಿ ಕಟ್ಟಡದ ಖರ್ಚಿನ ವೋಚರ್ ನೋಡಬಹುದಾ ಅಂದೆ. ‘ನಮ್ಮ ಮೇಲೆ ನಂಬಿಕೆ ಇಲ್ವಾ?’ ಅಂದರು. ಇಡೀ ಕೋಣೆ ನನ್ನನ್ನೇ ನೋಡಿತು. ನಾನು ಬಾಯಿ ಮುಚ್ಚಿಕೊಂಡೆ. ವೋಚರುಗಳು ಯಾವತ್ತೂ ಬರಲಿಲ್ಲ. ಅವರು ದುಡ್ಡು ತಿಂದರು ಅಂತ ನಾನು ಹೇಳುತ್ತಿಲ್ಲ. ನಂಬಿಕೆಯನ್ನು ಲೆಕ್ಕದ ಪುಸ್ತಕಕ್ಕೆ ಬೀಗ ಮಾಡಿಕೊಂಡರು, ಅದು ಅವರ ತಪ್ಪು. ಸುಮ್ಮನಾದದ್ದು ನನ್ನ ತಪ್ಪು.

ಲೆಕ್ಕ, ಕುರ್ಚಿ ಎರಡನ್ನೂ ಬೇರೆ ಥರ ಕಟ್ಟಿದವರೂ ಇದ್ದಾರೆ. ಸ್ಪೇನಿನ ಬಾಸ್ಕ್ ನಾಡಿನ ಮೊಂಡ್ರಗೋನ್ ಅನ್ನೋ ಸಣ್ಣ ಊರಿಗೆ 1941ರಲ್ಲಿ ಅರಿಸ್ಮೆಂಡಿಯಾರಿಯೆಟಾ ಅನ್ನೋ ಪಾದ್ರಿ ಬಂದರು. 1943ರಲ್ಲಿ ಹುಡುಗರಿಗೆ ತಾಂತ್ರಿಕ ಶಾಲೆ ತೆರೆದರು. ಅಲ್ಲಿ ಕಲಿತ ಐವರು 1956ರಲ್ಲಿ ಸೀಮೆಎಣ್ಣೆ ಸ್ಟೌ ಮಾಡುವ ಕಾರ್ಖಾನೆ ಶುರು ಮಾಡಿದರು. ದುಡಿಯೋರೇ ಒಡೆಯರು, ಒಬ್ಬರಿಗೆ ಒಂದೇ ವೋಟು. ಎಲ್ಲರಿಗಿಂತ ಜಾಸ್ತಿ ಸಂಬಳದವರದು ಎಲ್ಲರಿಗಿಂತ ಕಡಿಮೆಯವರ ಮೂರು ಪಟ್ಟು ದಾಟಕೂಡದು ಅಂತ ಮೊದಲು ನಿಯಮ ಇತ್ತು. ಆಮೇಲೆ ಸಡಿಲ ಮಾಡಿದರು. ಪಾದ್ರಿ ಸೈಕಲ್ಲಿನಲ್ಲಿ ಓಡಾಡುತ್ತಿದ್ದರು, ಒಂದು ಆಡಳಿತದ ಹುದ್ದೆಯನ್ನೂ ಹಿಡಿಯಲಿಲ್ಲ. ಎಲ್ಲ ಸುಖಾಂತ ಅಂತ ತಿಳಿಯಬೇಡಿ. ಆ ಮೊದಲ ಕಾರ್ಖಾನೆಯಿಂದ ಬೆಳೆದ ಫಾಗೋರ್ 2013ರಲ್ಲಿ ದಿವಾಳಿಯಾಯಿತು. ಅದರ ಜೊತೆ ಬೆಳೆದಿದ್ದ ಉಳಿದ ಸಹಕಾರ ಸಂಘಗಳು ಅಲ್ಲಿನ ಬಹಳ ಜನರಿಗೆ ತಮ್ಮಲ್ಲಿ ಕೆಲಸ ಕೊಟ್ಟವು.

ಒಬ್ಬರಿಗೆ ಒಂದೇ ವೋಟು ಅನ್ನೋದು ನಿಮ್ಮ ಡೈರಿಯ ನಿಯಮವೂ ಹೌದು. ಅದು ಪಾದ್ರಿಗಳು ಕೊಟ್ಟದ್ದಲ್ಲ. 1844ರಲ್ಲಿ ರೋಚ್‌ಡೇಲ್ ಅನ್ನೋ ಊರಿನಲ್ಲಿ ನೇಕಾರರೂ ಇತರ ದುಡಿಮೆಗಾರರೂ ಸೇರಿ 28 ಜನ ಅಂಗಡಿ ತೆರೆದಾಗ ಇದು ಗಟ್ಟಿಯಾಯಿತು. ನಮ್ಮ ಗದಗಿನ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಶುರುವಾಗಿತ್ತು. ನಲವತ್ತು ಲೀಟರ್ ಹಾಕೋ ಗೌಡರಿಗೂ ಒಂದು ವೋಟು, ಒಂದು ಲೀಟರ್ ಹಾಕೋ ಜಯಮ್ಮನಿಗೂ ಒಂದು ವೋಟು. ಊರಿನಲ್ಲಿ ಇವರಿಬ್ಬರೂ ಸರಿಸಮ ಆಗೋ ಜಾಗ ಇನ್ಯಾವುದು ಹೇಳಿ?

ಇನ್ನು ನ್ಯಾಯದ ಸಮಾಜ. ಇದಕ್ಕೆ ಕ್ರೈಸ್ತ ಸಮಾಜವಾದಿಗಳು ಮತ್ತೆ ಮತ್ತೆ ಹಿಡಿದುಕೊಳ್ಳುವ ಕಥೆ ಯೇಸು ಹೇಳಿದ ದ್ರಾಕ್ಷಿ ತೋಟದ್ದು. ಯಜಮಾನ ಬೆಳಿಗ್ಗೆ ಕೂಲಿಯವರನ್ನು ಕರೆದುಕೊಂಡು ಹೋಗುತ್ತಾನೆ, ದಿನದ ಕೂಲಿ ಇಷ್ಟು ಅಂತ ಮಾತಾಗುತ್ತದೆ. ಮಧ್ಯಾಹ್ನ ಇನ್ನೂ ಕೆಲವರನ್ನು ಕರೆಯುತ್ತಾನೆ. ಸಂಜೆ ಐದಕ್ಕೆ ಹೋದರೂ ಕೆಲವರು ನಿಂತೇ ಇದ್ದಾರೆ. ‘ಯಾಕೆ ಸುಮ್ನೆ ನಿಂತಿದ್ದೀರಿ?’ ‘ಯಾರೂ ನಮ್ಮನ್ನು ಕರೆಯಲಿಲ್ಲ.’ ಬಟವಾಡೆಯ ಹೊತ್ತಿಗೆ ಎಲ್ಲರಿಗೂ ಒಂದೇ ಕೂಲಿ, ಅದೂ ಕಡೆಗೆ ಬಂದವರಿಂದ ಶುರು. ಬೆಳಗಿನವರು ಗೊಣಗುತ್ತಾರೆ, ಬಿಸಿಲಲ್ಲಿ ಬೆಂದವರು ನಾವು ಅಂತ. ಸಮಾಜವಾದಿಗಳ ಕಿವಿಗೆ ಬೀಳೋದು ‘ಯಾರೂ ಕರೆಯಲಿಲ್ಲ’ ಅನ್ನೋ ಮಾತು. ಕೆಲಸ ಸಿಗದ್ದು ಅವರ ತಪ್ಪಲ್ಲ, ಮನೆಯ ಒಲೆ ಎಲ್ಲರದ್ದೂ ಒಂದೇ. ನನಗೆ ಮಾತ್ರ ಬೆಳಗಿನವರ ಗೊಣಗಾಟವೂ ತಪ್ಪು ಅನ್ನಿಸೋದಿಲ್ಲ. ಯಜಮಾನ ಉದಾರಿ ಇರಬಹುದು, ಆದರೆ ಮಾರನೇ ಬೆಳಿಗ್ಗೆ ಇವರೆಲ್ಲ ಮತ್ತೆ ಅದೇ ಸರ್ಕಲ್ಲಿನಲ್ಲಿ ನಿಲ್ಲಬೇಕಲ್ಲ.

ಈಗ ಆ ದಾರಿ. ಮಾರಿಸ್ ಅವರ ಕಾಲೇಜಿನಲ್ಲಿ ಚಿತ್ರ ಬಿಡಿಸೋದು ಕಲಿಸುತ್ತಿದ್ದವರು ಜಾನ್ ರಸ್ಕಿನ್. ಅವರು 1860ರಲ್ಲಿ ಬರೆದ ಲೇಖನಗಳಿಗೆ ಈ ಕಥೆಯಿಂದಲೇ ಹೆಸರು ತೆಗೆದುಕೊಂಡರು: ಅನ್‌ಟು ದಿಸ್ ಲಾಸ್ಟ್, ಅಂದರೆ ಈ ಕಡೆಯವನಿಗೂ. 1904ರಲ್ಲಿ ಜೋಹಾನ್ಸ್‌ಬರ್ಗ್‌ನಿಂದ ಡರ್ಬನ್‌ಗೆ ಹೋಗುವ ರೈಲಿನಲ್ಲಿ ಗಾಂಧೀಜಿ ಅದನ್ನು ಓದಿದರು. 1908ರಲ್ಲಿ ಗುಜರಾತಿಯಲ್ಲಿ ಅದರ ಸಾರ ಬರೆದು ‘ಸರ್ವೋದಯ’ ಅಂತ ಹೆಸರಿಟ್ಟರು. ನಿಮ್ಮ ಕಡೆ ಸರ್ವೋದಯ ಅಂದರೆ ಪಕ್ಷ. ಕೆ.ಎಸ್. ಪುಟ್ಟಣ್ಣಯ್ಯನವರು 2013ರಲ್ಲಿ ಮೇಲುಕೋಟೆಯಿಂದ ಗೆದ್ದದ್ದು ಸರ್ವೋದಯ ಕರ್ನಾಟಕ ಪಕ್ಷದಿಂದ. ಹಸಿರು ಟವೆಲ್ ಹಾಕಿಕೊಂಡು ಆ ಹೆಸರು ಕೂಗಿದವರಲ್ಲಿ ಎಷ್ಟು ಜನಕ್ಕೆ ಅದರ ಹಿಂದೆ ದ್ರಾಕ್ಷಿ ತೋಟದ ಕೂಲಿಗಳಿದ್ದಾರೆ ಅಂತ ಗೊತ್ತಿತ್ತೋ.

ಗಾಂಧೀಜಿ ಜೊತೆಗೇ ಇದ್ದ ಕ್ರೈಸ್ತರೊಬ್ಬರು ಜೆ.ಸಿ. ಕುಮಾರಪ್ಪ. ತಂಜಾವೂರಿನವರು. ಮುಂಬೈಯಲ್ಲಿ ಆಡಿಟರ್ ಆಗಿದ್ದರು, 1929ರಲ್ಲಿ ಗಾಂಧೀಜಿಯನ್ನು ಕಂಡ ಮೇಲೆ ಸೂಟು ಬಿಟ್ಟು ಖಾದಿ ಹಾಕಿದರು. ಸ್ವಾತಂತ್ರ್ಯ ಬಂದ ಮೇಲೆ ಕಾಂಗ್ರೆಸ್ಸಿನ ಭೂಸುಧಾರಣೆ ಸಮಿತಿಗೆ ಅವರೇ ಅಧ್ಯಕ್ಷರು. ಉಳುವವನಿಗೂ ಸರ್ಕಾರಕ್ಕೂ ನಡುವೆ ಯಾರೂ ಇರಕೂಡದು ಅಂತ 1949ರಲ್ಲಿ ವರದಿ ಕೊಟ್ಟರು. ನಮ್ಮಲ್ಲಿ ಅದು ಕೈಗೂಡಿದ್ದು 1974ರಲ್ಲಿ, ಹುಣಸೂರು ಕಡೆಯ ಕಲ್ಲಹಳ್ಳಿಯ ದೇವರಾಜ ಅರಸರ ಕಾಲದಲ್ಲಿ. ಆ ವರದಿಯಿಂದಲೇ ಈ ಕಾನೂನು ಬಂತು ಅಂತ ನಾನು ಹೇಳೋದಿಲ್ಲ. ನಡುವೆ 1951ರ ಕಾಗೋಡು ಸತ್ಯಾಗ್ರಹ ಇದೆ, ಲೋಹಿಯಾ ಇದ್ದಾರೆ, ಗೇಣಿದಾರರ ಸಿಟ್ಟಿದೆ. ಆದರೆ ಒಂದು ಮಾತು ಗಮನಿಸಿ. ಅರಸರ ಕಾನೂನು ಧಣಿಗಳ ಮನಸ್ಸು ಕರಗಲಿ ಅಂತ ಕಾಯಲಿಲ್ಲ. ಉಳುವ ಭೂಮಿ ನಮಗೆ ಬೇಕು ಅಂತ ಗೇಣಿದಾರರಿಂದ ಫಾರಂ ನಂಬರ್ 7 ತುಂಬಿಸಿತು, ನ್ಯಾಯಮಂಡಳಿ ಕೂರಿಸಿತು. ನಿಮ್ಮ ಮನೆಯ ಟ್ರಂಕಿನಲ್ಲೂ ಆ ಫಾರಂ ಇರಬಹುದು, ನೋಡಿ.

ಬೈಬಲಿನಲ್ಲೂ ಇಂಥ ಫಾರಂ ಇದೆ. ಕುಯ್ಲು ಮಾಡುವಾಗ ಹೊಲದ ಮೂಲೆ ಕುಯ್ಯಬೇಡ, ಬಿದ್ದ ತೆನೆ ಆರಿಸಬೇಡ, ಅದು ಬಡವನದು, ಪರದೇಶಿಯದು ಅಂತ. ನಾವು ಹಕ್ಕಲು ಆಯೋದು ಅನ್ನುತ್ತೇವಲ್ಲ, ಕನ್ನಡ ಬೈಬಲಿನ ರೂತಳ ಕಥೆಯಲ್ಲೂ ಅದೇ ಮಾತು. ಹಕ್ಕಲು ಬೇರೆ, ಅರಬ್ಬಿಯಿಂದ ಬಂದ ಹಕ್ಕು ಬೇರೆ. ಕಿವಿಗೆ ಮಾತ್ರ ಅಕ್ಕತಂಗಿಯರ ಹಾಗೆ ಕೇಳುತ್ತವೆ. ಇಲ್ಲಿ ಅರ್ಥವೂ ಕೂಡಿಕೊಂಡಿದೆ. ಆ ತೆನೆ ಯಜಮಾನ ಕೊಡೋ ದಾನ ಅಲ್ಲ, ಅವನದ್ದೇ ಅಲ್ಲದ್ದು.

ಮಂಡ್ಯದವರಿಗೆ ನ್ಯಾಯ ಅಳೆಯೋದು ಹೇಗೆ ಅಂತ ಬೇರೆ ಹೇಳಬೇಕಾ? ವಿ.ಸಿ. ನಾಲೆಗೆ ನೀರು ಬಿಟ್ಟಾಗ ತೂಬಿನ ಹತ್ತಿರ ನಿಂತು ಅಳೆದರೆ ಎಲ್ಲಾ ಸರಿಯಾಗೇ ಇರುತ್ತದೆ. ಮದ್ದೂರು, ಮಳವಳ್ಳಿಯ ಕೊನೇ ಭಾಗಕ್ಕೆ ಹೋಗಿ ನೋಡಬೇಕು. ದೊಡ್ಡ ಮೀನಿನ ಸ್ವಾತಂತ್ರ್ಯ ಸಣ್ಣ ಮೀನಿನ ಸಾವು ಅಂತ ಬರೆದ ಇಂಗ್ಲೆಂಡಿನ ಆರ್.ಎಚ್. ಟಾನಿ ಕ್ರೈಸ್ತ ಸಮಾಜವಾದಿಗಳಲ್ಲಿ ದೊಡ್ಡ ಹೆಸರು. ನಾಲೆಗೇ ಮೋಟಾರ್ ಇಳಿಸೋ ಮೇಲಿನವನ ಸ್ವಾತಂತ್ರ್ಯವೂ ಅದೇ ಥರದ್ದು. ನೀವು ಪಾಂಡವಪುರದವರು, ತಲೆ ಭಾಗದವರು. ಕೋಪ ಮಾಡಿಕೊಳ್ಳಬೇಡಿ.

ಚರ್ಚಿನ ಕೊನೇ ಭಾಗವನ್ನೂ ನೋಡಲೇಬೇಕು. ಎಲ್ಲರೂ ದೇವರ ಮಕ್ಕಳು ಅಂದ ಚರ್ಚುಗಳಲ್ಲೇ, ನಮ್ಮ ದಕ್ಷಿಣದಲ್ಲೇ, ಜಾತಿಗೊಂದು ಬೆಂಚು, ಜಾತಿಗೊಂದು ಸ್ಮಶಾನ ಇದ್ದವು. ಪಾದ್ರಿಗಿರಿ ಮೇಲಿನವರ ಮನೆಗಳಲ್ಲೇ ಸುತ್ತಿತು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜಿನಲ್ಲಿ ದಲಿತ ಕ್ರೈಸ್ತ ಚಿಂತಕ ಅರವಿಂದ ನಿರ್ಮಲ್ ಎದ್ದು ನಿಂತು, ನಮ್ಮ ದೇವರ ವಿಚಾರವೆಲ್ಲ ಮೇಲ್ಜಾತಿಯವರ ಕಣ್ಣಿನದು ಅಂತ ಹೇಳಬೇಕಾಯಿತು. ಅಲ್ಲಿಂದಲೇ ದಲಿತ ದೈವಶಾಸ್ತ್ರ ಬೆಳೆದದ್ದು. ಲಂಡನ್ನಿನ ಮೂವರ ಕಣ್ಣ ಮುಂದಿದ್ದದ್ದು ವರ್ಗದ ಪ್ರಶ್ನೆ, ಜಾತಿಯದಲ್ಲ. ನಿಮ್ಮ ಗೆಳೆಯ ಸಿಕ್ಕರೆ ಇದನ್ನು ಕೇಳಿ. ಅವನು ಇದಕ್ಕೆ ಏನು ಹೇಳುತ್ತಾನೆ ಅನ್ನೋದರ ಮೇಲೆ ಅವನ ಸಮಾಜವಾದ ಎಷ್ಟು ಗಟ್ಟಿ ಅಂತ ಗೊತ್ತಾಗುತ್ತದೆ.

ಕ್ರೈಸ್ತನಲ್ಲದ ನಿಮಗೆ ಇದರಿಂದ ಏನು ಅಂದರೆ, ವಿಲಿಯಂ ಟೆಂಪಲ್ ಅನ್ನೋ ಆರ್ಚ್‌ಬಿಷಪ್ 1942ರಲ್ಲಿ ಹೇಳಿದ್ದೇ ಸಾಕು. ಸೇತುವೆ ಗಟ್ಟಿಯಾಗಿರಬೇಕು ಅಂತ ಇಂಜಿನಿಯರಿಗೆ ನೆನಪು ಮಾಡೋದು ಚರ್ಚಿನ ಕೆಲಸ, ಹೇಗೆ ಕಟ್ಟಬೇಕು ಅಂತ ಹೇಳೋದು ಅಲ್ಲ. ಕನ್ನಂಬಾಡಿ ಕಟ್ಟುವಾಗ ಯಾವ ಕಲ್ಲು, ಯಾವ ಗಾರೆ ಅಂತ ಯಾರೂ ಬೈಬಲ್ ನೋಡಲಿಲ್ಲ, ಗೀತೆಯನ್ನೂ ನೋಡಲಿಲ್ಲ. ಧರ್ಮದಿಂದ ಪ್ರಶ್ನೆ ತೆಗೆದುಕೊಳ್ಳಿ. ಉತ್ತರಕ್ಕೆ ಲೆಕ್ಕದ ಪುಸ್ತಕ, ಬೈಲಾ, ಜನರ ಮಾತು ಇವೆ. ಕಾಯಕ, ದಾಸೋಹದ ನಾಡಿನವರು ನೀವು, ಪ್ರಶ್ನೆಗಳೇನೂ ಹೊಸದಲ್ಲ.

ಅಧ್ಯಕ್ಷ ಸ್ಥಾನಕ್ಕೆ ನಿಲ್ಲಲಾ ಅಂತ ಇದ್ದೀರಿ. ನಿಲ್ಲಿ. ಗೆದ್ದರೆ ಫ್ಯಾಟ್ ರೀಡಿಂಗೂ ಖರ್ಚಿನ ಪಟ್ಟಿಯೂ ಬಟವಾಡೆಗೆ ಮುಂಚೆ ಗೋಡೆ ಮೇಲೆ ಬರಲಿ, ಓದು ಬಾರದವರಿಗೆ ಯಾರಾದರೂ ಗಟ್ಟಿಯಾಗಿ ಓದಲಿ. ಸಭೆಯಲ್ಲಿ ಯಾರಾದರೂ ವೋಚರ್ ಕೇಳಿದರೆ ‘ನಂಬಿಕೆ ಇಲ್ವಾ’ ಅನ್ನಬೇಡಿ, ಫೈಲ್ ತೆಗೆದು ಕೊಡಿ. ಇನ್ನೊಂದು ಸಣ್ಣ ವಿಷಯ. ವಾರ್ಷಿಕ ಸಭೆ ಎಷ್ಟು ಹೊತ್ತಿಗೆ ಇಡಬೇಕು ಅಂತ ಹಾಲು ಹಾಕೋಕೆ ಬರುವ ಹೆಂಗಸರನ್ನು ಕೇಳಿ ನೋಟಿಸ್ ಬರೆಸಿ. ಹಾಲು ಕರೆಯೋ ಹೊತ್ತಿಗೆ ಇಟ್ಟರೆ ಅವರು ಬರೋದಿಲ್ಲ. ಬರಬಾರದು ಅಂತಲೇ ಆ ಹೊತ್ತಿಗೆ ಇಡುವ ಊರುಗಳನ್ನೂ ನಾನು ನೋಡಿದ್ದೇನೆ.